ತೆಂಕಣ ದಿಕ್ಕಿನ ಆಂಟೆನಾ

ನಮ್ಮ ಮನೆಯಲ್ಲಿ ಶಾವಿಗೆ ಒಣಹಾಕುವ ಕೋಲುಗಳನ್ನು ನೋಡಿದವರು ಒಂದು ಸಲವಾದರೂ ಅವುಗಳ ಬಗ್ಗೆ ಕೇಳುತ್ತಾರೆ. ಬೇರೆಯವರು ಬಿದಿರಿನ ಮೇಲೋ ಹಗ್ಗದ ಮೇಲೋ ಎಳೆ ಹಾಕಿದರೆ ನಮ್ಮಲ್ಲಿ ಅಲ್ಯುಮಿನಿಯಂ ಕಡ್ಡಿಗಳು. ತುಕ್ಕು ಹಿಡಿಯುವುದಿಲ್ಲ, ಹಗುರ, ಶಾವಿಗೆ ಅಂಟಿಕೊಳ್ಳುವುದಿಲ್ಲ. ಆದರೆ ಒಂದರಷ್ಟು ಒಂದು ಉದ್ದವಿಲ್ಲ. "ಎಲ್ಲಿ ಸಿಗ್ತಾವ್ರಿ ಟೀಚರ್, ನಮಗೂ ತರಿಸಿಕೊಡ್ರಿ" ಎಂದು ನಮ್ಮ ಬಳ್ಳಾರಿಯ ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಮೊನ್ನೆ ಕೇಳಿದಳು. ಇವು ಟೀವಿ ಆಂಟೆನಾದ ಕಡ್ಡಿಗಳು ತಾಯಿ, ಈಗ ಎಲ್ಲೂ ಸಿಗುವುದಿಲ್ಲ ಎಂದೆ. ಆಂಟೆನಾ ಅಂದರೇನೆಂದು ವಿವರಿಸಲು ಹೊರಟು ಒಲೆಯ ಮೇಲಿನ ಹಾಲು ಉಕ್ಕಿಸಿದೆ. ನಿವೃತ್ತಳಾಗಿ ಎಷ್ಟೋ ಕಾಲವಾದರೂ ಪಾಠ ಹೇಳುವ ಚಟ ಮಾತ್ರ ನನ್ನನ್ನು ಬಿಟ್ಟಿಲ್ಲ.

ಆ ಕಡ್ಡಿಗಳನ್ನು ಬಿಚ್ಚಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಶಾವಿಗೆಗೆಂದು ಎತ್ತಿಟ್ಟವಳು ನನ್ನ ಅಕ್ಕ ನೀಲಮ್ಮ. ಅವಳೂ ಈಗಿಲ್ಲ. ಹೊಸ ಸೊಸೆಗೆ ಇದನ್ನೆಲ್ಲ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಪುರುಸೊತ್ತಿದ್ದರೆ ಕೇಳಿ.

ಎಂಬತ್ತರ ದಶಕದ ನಡುವೆ ಬಳ್ಳಾರಿಯಲ್ಲಿ ಟೀವಿ ಗೋಪುರ ಎದ್ದು ನಿಂತಾಗ ನಾವು ಕುರುಗೋಡಿನಲ್ಲಿದ್ದೆವು. ಬಳ್ಳಾರಿಯವರಿಗೆ ಮನೆಯೊಳಗೆ ಒಂದು ತುಂಡು ತಂತಿ ನೇತುಹಾಕಿದರೂ ಚಿತ್ರ ಬರುತ್ತಿತ್ತಂತೆ. ನಾವು ದೂರದವರು, ಗಾಳಿಯಲ್ಲಿ ಹೋಗುವುದನ್ನು ಕಾಡಿ ಬೇಡಿ ಮನೆಗೆ ಇಳಿಸಿಕೊಳ್ಳಬೇಕಿತ್ತು. ಸಿರುಗುಪ್ಪದವರ ಪಾಡು ಇನ್ನೂ ಕಷ್ಟ. ಅಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ನಮ್ಮ ಸೋದರಮಾವ ಮಲ್ಲಪ್ಪ ಗಿರಣಿಯ ಚಿಮಣಿಗೇ ಆಂಟೆನಾ ಕಟ್ಟಿಸಿದ್ದ. ಮಸಿ ಒರೆಸಲು ಆಗಾಗ ಆಳು ಹತ್ತಿಸುತ್ತಿದ್ದ. ಆ ಕಾಲದಲ್ಲಿ ಒಂದು ಆಂಟೆನಾ ನಿಲ್ಲಿಸಿದವನು ಊರಿಗೆಲ್ಲ ಪಂಡಿತನಾಗಿಬಿಡುತ್ತಿದ್ದ. ಮಾಮ ಹೊಸ ಟೀವಿ ಕೊಂಡು ಹಳೆಯದನ್ನು ನಮ್ಮ ಮನೆಗೆ ತಂದಿಟ್ಟ. ಆಂಟೆನಾ ಆರಿಸಲು ನನ್ನನ್ನು ಕರೆದುಕೊಂಡು ಬಳ್ಳಾರಿಯ ಅಂಗಡಿಗೆ ಹೊರಟ.

ಅಂಗಡಿಯವನು "ಯಾ ಊರ್ರಿ? ಎಷ್ಟು ಕಡ್ಡೀದು ಬೇಕು?" ಎಂದು ಕೇಳಿದ. ಕುರುಗೋಡಿಗೆ ಎಷ್ಟು ಕಡ್ಡಿ ಸಾಕಾಗುತ್ತವೆ ಎಂದು ನಾನು ಕೇಳುವ ಮೊದಲೇ ಮಾಮ, "ಬಾಜೂ ಮನಿಯವ್ರು ಆರು ಕಡ್ಡೀದು ಹಾಕ್ಯಾರ. ನಮ್ಮಕ್ಕನ ಮನಿಗೆ ಅದಕ್ಕಿಂತ ಕಮ್ಮೀದು ಬ್ಯಾಡ" ಎಂದುಬಿಟ್ಟ. ಆಗ ಆಂಟೆನಾದ ಕಡ್ಡಿಗಳನ್ನು ಜನ ಕೊರಳಿನ ಸರದ ಎಳೆಗಳಂತೆ ಎಣಿಸುತ್ತಿದ್ದರು. ಅಂಗಡಿಯಲ್ಲಿದ್ದವುಗಳಲ್ಲೇ ದೊಡ್ಡದನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಬಂದೆವು. ಊರಿನ ಅಗಸಿ ಬಾಗಿಲಲ್ಲಿ ಇಳಿದಾಗ ಮಾಮ ಅದನ್ನು ಹೆಗಲ ಮೇಲೆ ಹೊತ್ತು ಸುತ್ತುದಾರಿಯಲ್ಲಿ ಮನೆಗೆ ನಡೆದ. ನಾನೂ ಹಿಂದಿನಿಂದ ಚಿತ್ರ ಜೋರು ಮಾಡುವ ಬೂಸ್ಟರಿನ ಡಬ್ಬಿ ಹಿಡಿದು ಬಿಂಕದಿಂದಲೇ ನಡೆದೆ.

ಮನೆಯಲ್ಲಿ ಇದ್ದವರು ಮೂವರು. ವಿಧವೆ ಅವ್ವ, ಮೂವತ್ತು ದಾಟಿದ ನೀಲಕ್ಕ, ಪಕ್ಕದ ಹಳ್ಳಿಯ ಸಾಲೆಯಲ್ಲಿ ಟೀಚರಾಗಿದ್ದ ನಾನು. ನೀಲಕ್ಕನಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಹುಟ್ಟುತ್ತ ಹಾಗಿರಲಿಲ್ಲವಂತೆ. ಅವಳಿನ್ನೂ ಕೂಸಾಗಿದ್ದ ಒಂದು ಬೇಸಿಗೆಯಲ್ಲಿ ಅಪ್ಪ ಗಾಳಿಗೆಂದು ತೆಂಕಣ ಗೋಡೆ ಒಡೆದು ಹೊಸ ಬಾಗಿಲು ಇಡಿಸಿದ. ಅದೇ ಬೇಸಿಗೆ ಅವಳಿಗೆ ಜ್ವರ ಬಂತು. ಜ್ವರ ಇಳಿಯಿತು, ಕಿವಿ ಉಳಿಯಲಿಲ್ಲ. ಕಲಿತಿದ್ದ ನಾಲ್ಕು ತೊದಲು ಮಾತುಗಳೂ ಮೆಲ್ಲಗೆ ಹೋದವು. ತೆಂಕಣ ಯಮನ ದಿಕ್ಕು, ಬಾಗಿಲು ತೆರೆದು ನಾವೇ ಕರೆದೆವು ಎಂದು ಅವ್ವ ಆ ಬಾಗಿಲನ್ನು ಕಲ್ಲು ಮಣ್ಣು ಹಾಕಿ ಮುಚ್ಚಿಸಿದಳು. ನಾನು ಹುಟ್ಟಿದ್ದು ಆಮೇಲೆ. ಪ್ರತಿವರ್ಷ ಸುಣ್ಣ ಬಳಿದರೂ ಗೋಡೆಯ ಮೇಲೆ ಆ ಬಾಗಿಲಿನ ಗುರುತು ಎದ್ದು ಕಾಣುತ್ತಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ದಿಕ್ಕಿನ ಭಯ ಎಲ್ಲಿಯದು ಎಂದು ಮಠದ ಅಯ್ಯನವರು ಹೇಳಿದ್ದರಂತೆ. ಅವ್ವ ಅವರಿಗೆ ಕೈಮುಗಿದು, ಮನೆಗೆ ಬಂದು, ಗೋಡೆಗೆ ಇನ್ನೊಂದು ಕೈ ಮಣ್ಣು ಮೆತ್ತಿದಳು.

ಈಗ ನಿಮಗೆ ಸಮಸ್ಯೆ ಗೊತ್ತಾಗಿರಬೇಕು. ಕುರುಗೋಡಿನಿಂದ ಬಳ್ಳಾರಿ ಇರುವುದು ತೆಂಕಣಕ್ಕೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಾಳಿಗೆಯ ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಬೆಳಕಿಂಡಿ, ಅದರ ಕೆಳಗೆ ನಡುಮನೆ. ಟೀವಿ ಇಟ್ಟದ್ದು ನಡುಮನೆಯಲ್ಲಿ. ಬೆಳಕಿಂಡಿಯ ಪಕ್ಕದಲ್ಲೇ ಮಾಮ ಪೈಪು ನಿಲ್ಲಿಸಿ, ಮೂರು ಕಡೆ ತಂತಿ ಎಳೆದು ಕಟ್ಟಿ, ಆಂಟೆನಾದ ಮುಖವನ್ನು ಬಳ್ಳಾರಿಯತ್ತ ತಿರುಗಿಸತೊಡಗಿದ. ಅವ್ವ ಏಣಿ ಹತ್ತಿ ಬಂದಳು.

"ಆ ಕಡಿ ಬ್ಯಾಡ, ಮಲ್ಲಪ್ಪ."

"ಅಕ್ಕಾ, ಬಳ್ಳಾರಿ ಇರೋದ ಆ ಕಡಿ ಐತಿ. ನಾ ಏನ್ ಮಾಡ್ಲಿ?"

"ಬಳ್ಳಾರಿ ಎಲ್ಲೆರೆ ಇರವಲ್ದ್ಯಾಕ. ನನ್ನ ಮಾಳಿಗಿ ಮ್ಯಾಲ ಇದು ಯಮನ ಕಡಿ ಮಾರಿ ಮಾಡಿ ನಿಂದರಬಾರದು. ಮನ್ಯಾಗ ಆ ಕೂಸೈತಿ."

ಮೂವತ್ತು ದಾಟಿದ ನೀಲಕ್ಕ ಅವ್ವನಿಗೆ ಇನ್ನೂ ಕೂಸೇ. ಮಾಮ ಮತ್ತೆ ಪೈಪಿಗೆ ಕೈ ಹಾಕಿದ. ಆಂಟೆನಾವನ್ನು ಮೂಡಣಕ್ಕೆ ತಿರುಗಿಸಿ ಬಿಗಿ ಮಾಡಿದ. ಊರಿನ ಆಂಟೆನಾಗಳೆಲ್ಲ ಒಂದು ದಿಕ್ಕಿಗೆ ನೋಡುತ್ತಿದ್ದರೆ ನಮ್ಮದೊಂದೇ ಸೂರ್ಯನಮಸ್ಕಾರ ಮಾಡುತ್ತ ನಿಂತಿತು.

ಟೀವಿ ಹಚ್ಚಿದರೆ ದನಿ ಬಂತು, ಚಿತ್ರ ಬರಲಿಲ್ಲ. ಪರದೆಯ ತುಂಬ ಇರುವೆ ಮುತ್ತಿದಂತೆ ಕಪ್ಪು ಬಿಳಿ ಚುಕ್ಕೆ. ಅವ್ವನಿಗೆ ಅಷ್ಟೇ ಸಾಕಾಗಿತ್ತು. ಅವಳ ಲೆಕ್ಕದಲ್ಲಿ ಅದು ದೊಡ್ಡದೊಂದು ರೇಡಿಯೋ. ಓಣಿಯ ಹೆಂಗಸರು ಬಂದು ಕುಳಿತು ಇರುವೆ ನೋಡುತ್ತ ಮಾತು ಕೇಳುತ್ತಿದ್ದರು, ಹಾಡು ಬಂದರೆ ತಲೆದೂಗುತ್ತಿದ್ದರು. ನೀಲಕ್ಕ ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು. ಒಂದು ದಿನ ನನ್ನತ್ತ ತಿರುಗಿ, ಎರಡೂ ಕೈಗಳಿಂದ ಜರಡಿ ಹಿಡಿಯುವ ಸನ್ನೆ ಮಾಡಿ, ಪರದೆ ತೋರಿಸಿದಳು. ಈ ನುಚ್ಚಿನಲ್ಲಿ ಏನು ನೋಡುತ್ತೀರಿ ಎಂದು ಅದರ ಅರ್ಥ. ಎಲ್ಲರೂ ನಕ್ಕೆವು. ಒಂದು ಉಸಿರು ತಡವಾಗಿ ಅವಳೂ ನಕ್ಕಳು. ಅವಳು ನಗುತ್ತಿದ್ದದ್ದೇ ಹಾಗೆ, ನಮ್ಮ ಮುಖ ನೋಡಿಕೊಂಡು, ಯಾಕೆಂದು ಗೊತ್ತಿಲ್ಲದೆ.

ನಮ್ಮ ಮನೆಯ ಸನ್ನೆಗಳ ಬಗ್ಗೆ ಹೇಳಬೇಕು. ಅವನ್ನು ಯಾರೂ ಕಲಿಸಿದ್ದಲ್ಲ, ಮನೆಯಲ್ಲೇ ಹುಟ್ಟಿದವು. ಹಣೆಯ ಮೇಲೆ ಮೂರು ಬೆರಳು ಎಳೆದರೆ ವಿಭೂತಿಯ ಅವ್ವ. ಮೀಸೆ ತಿರುವಿದರೆ ಮಾಮ. ಗಾಳಿಯಲ್ಲಿ ಬರೆದರೆ ಟೀಚರಮ್ಮ, ಅಂದರೆ ನಾನು. ತಲೆಯ ಮೇಲೆ ಎರಡು ಕೊಂಬು ಮಾಡಿದರೆ ಕಲ್ಲಿನ ನಂದಿ ಬಸವಣ್ಣನ ಊರು ಕುರುಗೋಡು, ಮುಷ್ಟಿಯಿಂದ ಭತ್ತ ಕುಟ್ಟಿದರೆ ಸಿರುಗುಪ್ಪ, ಅಂಗೈಯನ್ನು ಗುಡ್ಡದಂತೆ ಬಾಗಿಸಿದರೆ ಬಳ್ಳಾರಿ. ಉಣ್ಣು, ಎಮ್ಮೆ ಕಟ್ಟು, ನೀರು ತಾ, ಮಲಗು. ಎಲ್ಲವೂ ಕೆಲಸದ ಸನ್ನೆಗಳು. ನಿನಗೆ ಏನಾಗಿದೆ, ಯಾಕೆ ಸುಮ್ಮನೆ ಕುಳಿತಿದ್ದೀ, ಏನು ಯೋಚಿಸುತ್ತೀ ಎಂದು ಕೇಳಲು ನಮ್ಮಲ್ಲಿ ಒಂದು ಸನ್ನೆಯೂ ಇರಲಿಲ್ಲ. ಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಅವಳು ಇರುವೆ ನೋಡುತ್ತ ಕೂರುವುದು ಮಾಮನಿಗೂ ಸಹಿಸಲಾಗಲಿಲ್ಲ. ಬಂದಾಗಲೆಲ್ಲ "ತಂತಿ ಸಡ್ಲ ಆಗ್ಯಾವ, ಬಿಗಿ ಮಾಡ್ತೀನಿ" ಎಂದು ಮಾಳಿಗೆ ಹತ್ತಿ ಆಂಟೆನಾವನ್ನು ಒಂದು ಹೆಬ್ಬೆಟ್ಟಿನಷ್ಟು ತೆಂಕಣಕ್ಕೆ ಜರುಗಿಸುತ್ತಿದ್ದ. ನಾನು ಕೆಳಗೆ ಟೀವಿಯ ಮುಂದೆ. ಅವನು ಬೆಳಕಿಂಡಿಯಲ್ಲಿ ಬಗ್ಗಿ "ಬಂತಾ?" ಎನ್ನುವುದು, ನಾನು "ಬಂತು, ಬಂತು, ಹೋತು" ಎನ್ನುವುದು. ಮಕ್ಕಳ ಗದ್ದಲದಲ್ಲಿ ಕೂಗಿ ಪಳಗಿದ ನನ್ನ ಗಂಟಲು ಅಲ್ಲಿ ಉಪಯೋಗಕ್ಕೆ ಬಂತು. ಮೊದಲು ನೆರಳು ಕಂಡವು. ಆಮೇಲೆ ಒಬ್ಬರಿಗೆ ಎರಡೆರಡು ತಲೆ. ಹೀಗೆ ತಿಂಗಳುಗಟ್ಟಲೆ ಕದ್ದುಮುಚ್ಚಿ ತಿರುಗಿಸಿದ ಮೇಲೆ, ಒಂದು ದಿನ ಮುಖಗಳು ಕಣ್ಣು ಮೂಗು ಸಮೇತ ಕಾಣತೊಡಗಿದವು. ಅವ್ವ ನೋಡಿಯೂ ಏನೂ ಅನ್ನಲಿಲ್ಲ. ಅವಳಿಗೆ ತಿಳಿದಿಲ್ಲ ಎಂದು ನಾವು ಜಾಣರಂತೆ ಮುಸಿಮುಸಿ ನಕ್ಕೆವು.

ಒಂದು ಭಾನುವಾರ ಮಧ್ಯಾಹ್ನ ನೀಲಕ್ಕ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಟೀವಿಯಲ್ಲಿ ಕಿವಿ ಕೇಳದವರಿಗೆಂದು ವಾರ್ತೆ ಶುರುವಾಯಿತು. ಅಂಥದ್ದೊಂದು ಇದೆಯೆಂದು ನನಗೂ ಗೊತ್ತಿರಲಿಲ್ಲ. ಒಬ್ಬ ಹೆಂಗಸು ಬಾಯಿ ಮುಚ್ಚಿಕೊಂಡು ಬರೀ ಕೈಯಲ್ಲಿ ಮಾತನಾಡುತ್ತಿದ್ದಳು. ನೀಲಕ್ಕನ ಮಡಿಲಿನಿಂದ ಮೊರ ಜಾರಿ ಅಕ್ಕಿ ನೆಲದ ತುಂಬ ಚೆಲ್ಲಿತು. ಅವಳು ಅದರ ಮೇಲೆಯೇ ನಡೆದು ಟೀವಿಯ ಹತ್ತಿರ ಹೋದಳು. ಎರಡೂ ಕೈ ಎತ್ತಿ ಆ ಹೆಂಗಸಿಗೆ ನಮ್ಮ ಮನೆಯ ಸನ್ನೆಯಲ್ಲಿ ಕೇಳಿದಳು: ಊಟ ಆಯಿತಾ?

ಮನೆಗೆ ಬಂದವರನ್ನು ಮೊದಲು ಕೇಳುವುದು ಅದನ್ನೇ ತಾನೆ.

ಆ ಹೆಂಗಸಿನ ಸನ್ನೆಗಳು ಇವಳಿಗೆ ಒಂದೂ ಬರುತ್ತಿರಲಿಲ್ಲ. ಆದರೂ ವಾರ್ತೆ ಮುಗಿಯುವವರೆಗೆ ಇವಳೂ ಮಾತಾಡುತ್ತಲೇ ಇದ್ದಳು. ಮುಗಿದ ಮೇಲೆ ನಮ್ಮತ್ತ ತಿರುಗಿ ಪರದೆ ಮುಟ್ಟಿದಳು, ತನ್ನ ಕೈಗಳನ್ನು ತೋರಿಸಿದಳು, ಮತ್ತೆ ಪರದೆ ಮುಟ್ಟಿದಳು. ನನ್ನಂಥವಳು ಇನ್ನೊಬ್ಬಳಿದ್ದಾಳೆ ಎಂದು ಅವಳಿಗೆ ಗೊತ್ತಾದದ್ದು ಆವತ್ತೇ. ನನಗೆ ಅಳು ಬಂತು. ಅಕ್ಕಿ ಬಳಿಯುವ ನೆಪದಲ್ಲಿ ಬಗ್ಗಿದೆ.

ಅಲ್ಲಿಂದ ಭಾನುವಾರ ಬಂತೆಂದರೆ ನೀಲಕ್ಕ ತಲೆಗೆ ನೀರು ಹಾಕಿಕೊಂಡು, ಇಳಕಲ್ ಸೀರೆ ಉಟ್ಟು, ಹೂವು ಮುಡಿದು ಟೀವಿಯ ಮುಂದೆ ಕೂರುವಳು. ಅಲ್ಲಿ ಕಂಡ ಒಂದೆರಡು ಸನ್ನೆ ಕಲಿತು ನಮ್ಮ ಮುಂದೆ ಮಾಡುವಳು. ನಮಗೆ ತಿಳಿಯುತ್ತಿರಲಿಲ್ಲ. ಎಮ್ಮೆಯ ಮುಂದೆಯೂ ಮಾಡಿ ನೋಡಿದಳು. ಅದೂ ನಮ್ಮಂತೆಯೇ ಮೆಲುಕು ಹಾಕುತ್ತ ನಿಂತಿತು. ಟೀವಿಯ ಆಕೆ ಎಲ್ಲಿದ್ದಾಳೆ ಎಂದು ನೀಲಕ್ಕ ಕೇಳಿದಾಗ ಮಾಮ, ನಾನು, ಓಣಿಯವರು ಎಲ್ಲರೂ ಆಂಟೆನಾದ ಮೂತಿಯತ್ತ ಕೈಮಾಡಿ, ಅಂಗೈ ಗುಡ್ಡ ಮಾಡಿ ತೋರಿಸಿದೆವು. ಟೀವಿ ಎಲ್ಲಿಂದ ಬರುತ್ತದೆ ಎಂದು ಯಾರು ಕೇಳಿದರೂ ನಾವು ಬಳ್ಳಾರಿಯಿಂದ ಎಂದೇ ಹೇಳುತ್ತಿದ್ದೆವು.

ಒಂದು ಸಂಜೆ ಸಾಲೆಯಿಂದ ಬಂದರೆ ಅವ್ವ ಹೊಸ್ತಿಲ ಮೇಲೆ ಕುಸಿದು ಕುಳಿತಿದ್ದಳು. "ನೀಲಿ ಮುಂಜಾನಿಂದ ಇಲ್ಲಬೇ ಶಾರಿ. ಬಾವಿ, ಹೊಲ ಎಲ್ಲಾ ಹುಡುಕಿಸಿದೆ." ಬಸ್ ಸ್ಟ್ಯಾಂಡಿನ ಹೋಟೆಲಿನವನು, ನಿಮ್ಮಕ್ಕ ಗಂಟು ಹಿಡಕೊಂಡು ಬಳ್ಳಾರಿ ಬಸ್ಸು ಹತ್ತಿದ್ರಲ್ಲ ಎಂದ. ಬಸ್ಸಿನಲ್ಲಿ ಕುಳಿತ ಮೇಲೆಯೇ ನನಗೆ ಹೊಳೆದದ್ದು, ಅವಳು ಎಲ್ಲಿಗೆ ಹೋಗಿರುತ್ತಾಳೆಂದು.

ಗೋಪುರದ ಗೇಟಿನ ಹೊರಗೆ, ಇಳಕಲ್ ಸೀರೆಯಲ್ಲಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕಾವಲುಗಾರ ಹೇಳಿದ: "ಮಧ್ಯಾಹ್ನದಿಂದ ಇಲ್ಲೇ ಕುಂತಾರ್ರಿ. ಯಾರು ಬೇಕವ್ವ ಅಂದ್ರ ಕೈ ತೋರಿಸ್ತಾರ. ಒಳಗಿಂದ ಯಾರೇ ಬರಲಿ, ಎದ್ದು ಹೋಗಿ ಮಾರಿ ನೋಡ್ತಾರ, ತಿರುಗಿ ಬಂದು ಕುಂದರ್ತಾರ. ನೀರು ಕೊಟ್ಟೆ, ಕುಡದ್ರು." ಗಂಟಿನಲ್ಲಿ ಇದ್ದದ್ದು ಶಾವಿಗೆ, ಅವಳೇ ಹೊಸೆದದ್ದು. ನೆಂಟರ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ.

ಓದು ಬಾರದ, ಕೇಳಲು ಬಾಯಿಲ್ಲದ ಅವಳಿಗೆ ದಾರಿ ಹೇಗೆ ಸಿಕ್ಕಿತು? ಬಸ್ಸಿನಲ್ಲಿ ಮರಳುವಾಗ ಅವಳೇ ಹೇಳಿದಳು. ಇಳಿದ ಮೇಲೆ ತಲೆ ಎತ್ತಿ ನೋಡಿದಳಂತೆ. ತಂತಿಯೇ ಸಾಕಾಗುವ ಬಳ್ಳಾರಿಯಲ್ಲೂ ಮೆರೆಯಲು ಹಾಕಿಸಿದ ಆಂಟೆನಾಗಳಿದ್ದವು, ಅವೆಲ್ಲ ಯಾವ ಕಡೆ ನೋಡುತ್ತಿದ್ದವೋ ಆ ಕಡೆ ನಡೆದಳಂತೆ. ಹೇಳುವಾಗ ಅವಳ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಆಮೇಲೆ ಕೇಳಿದಳು: ಆಕೆ ಎಲ್ಲಿ? ಆ ವಾರ್ತೆ ಬರುತ್ತಿದ್ದದ್ದು ದಿಲ್ಲಿಯಿಂದ, ನಮ್ಮ ಮನೆಯ ಸನ್ನೆಗಳಲ್ಲಿ ದಿಲ್ಲಿ ಇರಲಿಲ್ಲ. ಅಂಗೈ ಗುಡ್ಡ ಮಾಡಿ, ಅದರಾಚೆ ಇನ್ನೊಂದು ಗುಡ್ಡ, ಅದರಾಚೆ ಇನ್ನೊಂದು, ಕೈ ಸಾಲುವವರೆಗೂ ಮಾಡಿದೆ. ಅವಳು ನೋಡುತ್ತ ಕುಳಿತಳು. ಸಡಿಲವೇ ಆಗಿರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಊರು ಬರುವವರೆಗೂ ಕಿಟಕಿಯ ಹೊರಗೆ ನೋಡಿದಳು. ಅವಳ ಒಂಟಿತನ ಎಷ್ಟು ದೊಡ್ಡದೆಂದು ಒಂದೇ ಮನೆಯಲ್ಲಿ ಬೆಳೆದ ನನಗೆ ಆ ಬಸ್ಸಿನಲ್ಲಿ ತಿಳಿಯಿತು.

ಮನೆಗೆ ಬಂದಾಗ ಆಂಟೆನಾ ಮೂಡಣಕ್ಕೆ ತಿರುಗಿತ್ತು. ಅವ್ವ ತಾನೇ ಹತ್ತಿ ತಿರುಗಿಸಿದ್ದಳು.

"ನೀವಿಬ್ರೂ ಕದ್ದು ತಿರುವಿದ್ದು ನನಗ ಗೊತ್ತಿತ್ತು" ಎಂದಳು. "ಆಕಿ ಮಾರಿ ಮ್ಯಾಲಿನ ನಗಿ ನೋಡಿ ಸುಮ್ಮನಿದ್ದೆ. ಆ ದಿಕ್ಕು ಆಗ ಕಿವಿ ತಗೊಂತು, ಇವತ್ತ ಆಕಿನ್ನ ತಗೊಳಾಕ ನಿಂತಿತ್ತು. ಇನ್ನ ಸಾಕು."

"ಆಕಿಗೆ ಅದೊಂದ ಐತಬೇ ಯವ್ವಾ" ಎಂದೆ.

"ಜೀವ ಉಳಿದ್ರ ಸಾಕು" ಎಂದು ಅವ್ವ ಒಳಗೆ ಹೋದಳು.

ಭಾನುವಾರ ಬಂತು. ನೀಲಕ್ಕ ಎಂದಿನಂತೆ ತಲೆಗೆ ನೀರು ಹಾಕಿಕೊಂಡಳು, ಸೀರೆ ಉಟ್ಟಳು, ಹೂವು ಮುಡಿದಳು. ಟೀವಿ ಹಚ್ಚಿ ಇರುವೆಗಳ ಮುಂದೆ ಕುಳಿತಳು. ಕೈ ಎರಡೂ ಮಡಿಲಲ್ಲಿ. ನನಗೆ ನೋಡಲಾಗದೆ ಬಟ್ಟೆ ಒಗೆಯಲು ಹಿತ್ತಲಿಗೆ ಹೋದೆ. ಸ್ವಲ್ಪ ಹೊತ್ತಿನಲ್ಲಿ ಮಾಳಿಗೆಯ ಮೇಲಿನಿಂದ ಅವ್ವನ ದನಿ ಕೇಳಿತು.

"ಬಂತೇನ?"

ಒಳಗಿದ್ದವಳು ನೀಲಕ್ಕ ಒಬ್ಬಳೇ.

"ಬಂತೇನಬೇ?"

ಒದ್ದೆ ಕೈಯಲ್ಲೇ ಓಡಿದೆ. ನಡುಮನೆಯ ಬಾಗಿಲಲ್ಲಿ ಕಾಲು ನಿಂತವು. ನೀಲಕ್ಕ ಬೆಳಕಿಂಡಿಯ ಕೆಳಗೆ ತಲೆ ಎತ್ತಿ ನಿಂತಿದ್ದಳು. ಮೇಲೆ ಅವ್ವ ಒಂದು ಕೈಯಲ್ಲಿ ಪೈಪು ಹಿಡಿದು ಬಗ್ಗಿ ನೋಡುತ್ತಿದ್ದಳು. ನೀಲಕ್ಕ ಜರಡಿ ಹಿಡಿದಳು: ನುಚ್ಚು. ಅವ್ವ ತಿರುವಿದಳು. ನೀಲಕ್ಕ ಎರಡು ಬೆರಳು ಎತ್ತಿದಳು: ಎರಡು ತಲೆ. ಅವ್ವ ಇನ್ನಷ್ಟು ತಿರುವಿದಳು. ನೀಲಕ್ಕ ಟೀವಿ ನೋಡಿದಳು, ಅಂಗೈಗಳನ್ನು ಮುಖದ ಮುಂದೆ ಹೂವಿನಂತೆ ಅರಳಿಸಿದಳು, ಆಮೇಲೆ ಕೈಬೀಸಿ ಕರೆದಳು. ಬಂತು, ಸಾಕು, ಇಳಿದು ಬಾ. ಅವ್ವ ಕೂಡಲೇ ಇಳಿಯಲಿಲ್ಲ. ಮೊಣಕಾಲೂರಿ ಕುಳಿತು, ಮಗಳು ಮಾಡಿದ ಆ ಸನ್ನೆಯನ್ನು ತಾನೂ ಒಂದು ಸಲ ಮಾಡಿ ನೋಡಿದಳು. ಅವರಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಎಂದೂ ಕಂಡಿರಲಿಲ್ಲ.

ಮುಂದೆ ಗಾಳಿ ಬೀಸಿದಾಗೆಲ್ಲ ಆಂಟೆನಾ ತಿರುಗುತ್ತಿತ್ತು, ಭಾನುವಾರ ಬಂದರೆ ಅವ್ವ ಏಣಿ ಹತ್ತುತ್ತಿದ್ದಳು. ಕಾಂಕ್ರೀಟು ಹಾಕಿ ಭದ್ರ ಮಾಡಿಬಿಡೋಣ ಎಂದು ಮಾಮ ಹೇಳಿದರೆ, "ಬ್ಯಾಡಪ್ಪ, ಸಡ್ಲ ಇರ್ಲಿ" ಎಂದಳು. ಮಾಮನಿಗೆ ಅರ್ಥವಾಗಲಿಲ್ಲ. ಮೇಲಿನಿಂದ ಅವ್ವ ಮೋಡದ ಬಗ್ಗೆ, ಓಣಿಯಲ್ಲಿ ಹೋಗುವವರ ಬಗ್ಗೆ, ಯಾರ ಮನೆಯ ಮಾಳಿಗೆಯಲ್ಲಿ ಏನು ಒಣಗಿದೆ ಎಂಬುದರ ಬಗ್ಗೆ ಸನ್ನೆ ಮಾಡುವಳು. ಕೆಳಗಿನಿಂದ ಮಗಳು ಮರುಸನ್ನೆ ಮಾಡುವಳು. ಚಿತ್ರ ಬಂದು ಎಷ್ಟೋ ಹೊತ್ತಾಗಿರುತ್ತಿತ್ತು. ಕೊನೆಗೆ ನೀಲಕ್ಕ ಅಂಗೈ ಅರಳಿಸಿ ಕರೆದರೆ ಮಾತು ಮುಗಿಯಿತೆಂದು ಅರ್ಥ. ತೆಂಕಣದ ಮಾತನ್ನು ಅವ್ವ ಮತ್ತೆ ಎತ್ತಲಿಲ್ಲ. ಪೈಪು ತಿರುಗಿಸುವ ಮೊದಲು ಆ ದಿಕ್ಕಿಗೆ ಕೈಮುಗಿಯುತ್ತಿದ್ದಳು, ಅಷ್ಟೇ.

ಹೆಚ್ಚು ಕಾಲ ನಡೆಯಲಿಲ್ಲ. ಒಂದು ಬೇಸಿಗೆ, ಶಾವಿಗೆಯ ದಿನಗಳು, ಅವ್ವ ಎದೆ ನೋವು ಎಂದು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಮರುದಿನ ಪಡಸಾಲೆಯಲ್ಲಿ ಅವಳನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಏರಿಸಿದರು. ಹಣೆಗೆ ಮೊದಲು ಮೂರು ಬೆರಳು ಎಳೆದವಳೇ ನೀಲಕ್ಕ. ಅವ್ವ ಹೋದಳೆಂದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಚೆನ್ನಾಗಿಯೇ ಗೊತ್ತಿತ್ತು. ಭಜನೆಯವರು ಬಂದರು, ಸಿರುಗುಪ್ಪದಿಂದ ಮಾಮ ಬಂದ. ಎತ್ತುವ ಹೊತ್ತಿಗೆ "ನೀಲಿ ಎಲ್ಲಿ? ಮಾರಿ ನೋಡಾಕ ಕರೀರಿ" ಎಂದರು. ಒಳಗೆ ಹೋದೆ.

ನಡುಮನೆಯಲ್ಲಿ ಟೀವಿಯ ಮೇಲೆ ಬಟ್ಟೆ ಮುಚ್ಚಿತ್ತು. ನೀಲಕ್ಕ ಬೆಳಕಿಂಡಿಯ ಕೆಳಗೆ ನಿಂತಿದ್ದಳು. ಮೇಲೆ ಆಂಟೆನಾದ ಪೈಪು, ಅದರಾಚೆ ಬಿಸಿಲಿನ ಬಾನು, ಬೇರೇನೂ ಇಲ್ಲ. ಅವಳು ಅಂಗೈಗಳನ್ನು ಅರಳಿಸುತ್ತಿದ್ದಳು, ಕೈಬೀಸಿ ಕರೆಯುತ್ತಿದ್ದಳು, ಮತ್ತೆ ಅರಳಿಸುತ್ತಿದ್ದಳು. ಬಂತು. ಸಾಕು. ಇಳಿದು ಬಾ.

ಇಲ್ಲ ಎನ್ನಲು ನಮ್ಮ ಮನೆಯಲ್ಲಿ ಸನ್ನೆ ಇತ್ತು. ಎಲ್ಲಕ್ಕಿಂತ ಸುಲಭದ್ದು, ಕೈ ಒಮ್ಮೆ ಅಲ್ಲಾಡಿಸಿದರೆ ಆಯಿತು. ನನ್ನ ಕೈ ಏಳಲಿಲ್ಲ. ಹೊರಗೆ ಜನ ಕರೆಯುತ್ತಿದ್ದರು. ನಾನು ಅವಳ ಪಕ್ಕದಲ್ಲಿ ನಿಂತು, ತಲೆ ಎತ್ತಿ, ಬೆಳಕಿಂಡಿಯತ್ತ ನೋಡಿದೆ.